ಅಡೀನಿಯಮ್‌ಗೆ ನೀರು ಹಾಕಿ

ಅಡೀನಿಯಮ್ ಬೆಳೆಸುವವರ ನಡುವೆ ಒಂದು ವಿಷಯದಲ್ಲಿ ಮಾತ್ರ ಜಗಳವೇ ಇಲ್ಲ. ಗೊಬ್ಬರ ಯಾವುದು, ಕುಂಡ ಮಣ್ಣಿನದೋ ಸಿಮೆಂಟಿನದೋ, ಕಸಿ ಗಿಡವೋ ಬೀಜದ ಗಿಡವೋ ಎಂದು ತಾಸುಗಟ್ಟಲೆ ವಾದಿಸುವವರೂ ನೀರಿನ ಮಾತು ಬಂದರೆ ಒಂದೇ ದನಿಯಲ್ಲಿ ಹೇಳುತ್ತಾರೆ: ಇದು ಮರುಭೂಮಿ ಗಿಡ, ನೀರು ಕಡಿಮೆ ಹಾಕಿ. ನರ್ಸರಿಯ ಹುಡುಗ ಗಿಡವನ್ನು ಚೀಲಕ್ಕೆ ಇಳಿಸುತ್ತ ಹೇಳುವುದೂ ಅದನ್ನೇ, ಯೂಟ್ಯೂಬಿನ ತಾರಸಿ ತೋಟದವರು ಹೇಳುವುದೂ ಅದನ್ನೇ. ಎಲ್ಲರೂ ಒಪ್ಪಿದ ಮಾತನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ನನ್ನ ಪ್ರಕಾರ ಈ ಸಲಹೆ ನಮ್ಮ ಬೇಸಿಗೆಯಲ್ಲಿ ತಪ್ಪು, ಮಳೆಗಾಲದಲ್ಲಿ ನಿರುಪಯೋಗಿ. ಬೇಸಿಗೆಯಲ್ಲಿ ಅದು ಗಿಡವನ್ನು ಸೊರಗಿಸುತ್ತದೆ, ಮಳೆಗಾಲದಲ್ಲಿ ಗಿಡವನ್ನು ಉಳಿಸುವುದಿಲ್ಲ.

ಯಾವ ಊರಿನ ತಾರಸಿಯಲ್ಲಾದರೂ ನೋಡಿ. ನಾಲ್ಕೈದು ವರ್ಷದ ಅಡೀನಿಯಮ್, ಬುಡ ಮುಷ್ಟಿಗಿಂತ ಸ್ವಲ್ಪ ದಪ್ಪ, ಅದರ ಮೇಲೆ ಉದ್ದಕ್ಕೆ ಚಾಚಿದ ಎರಡು ಬೋಳು ಕೊಂಬೆ, ಕೊಂಬೆಯ ತುದಿಯಲ್ಲಿ ಮಾತ್ರ ಹತ್ತಾರು ಎಲೆ, ವರ್ಷಕ್ಕೊಮ್ಮೆ ಮುನಿಸಿನಿಂದ ಬಿಟ್ಟಂಥ ಏಳೆಂಟು ಹೂ. ಮನೆಯವರಿಗೆ ಅದರ ಬಗ್ಗೆ ಹೆಮ್ಮೆ. ಹದಿನೈದು ದಿನ ಊರಿಗೆ ಹೋಗಿ ಬಂದರೂ ಏನೂ ಆಗುವುದಿಲ್ಲ ಎನ್ನುತ್ತಾರೆ. ಏನೂ ಆಗುವುದಿಲ್ಲ, ನಿಜ. ಬೆಳವಣಿಗೆಯೂ ಆಗುವುದಿಲ್ಲ. ಅದೇ ವಯಸ್ಸಿನ ಗಿಡ ಥಾಯ್ಲೆಂಡಿನ ತೋಟದಲ್ಲಿ ಬುಡ ತೊಡೆಯಷ್ಟು ದಪ್ಪವಾಗಿ, ನೂರಾರು ಹೂ ಹೊತ್ತು ನಿಂತಿರುತ್ತದೆ. ಥಾಯ್ಲೆಂಡ್ ಮರುಭೂಮಿ ಅಲ್ಲ. ಭತ್ತದ ದೇಶ. ಅಡೀನಿಯಮ್ ತಳಿಗಳ ಸಂಕರ, ಬೀಜ, ಕಸಿ ಗಿಡಗಳ ವ್ಯಾಪಾರದಲ್ಲಿ ಜಗತ್ತಿಗೆ ಮುಂದಾಳು ಆಗಿರುವುದು ಆ ದೇಶ ಮತ್ತು ಅದರ ಜೊತೆಗೆ ತೈವಾನ್. ಮರುಭೂಮಿಯ ಗಿಡ ಎಂಬ ಒಂದೇ ಆಧಾರದ ಮೇಲೆ ನಮ್ಮ ಇಡೀ ಆರೈಕೆ ಪದ್ಧತಿ ನಿಂತಿರುವುದಾದರೆ, ಈ ಎರಡು ಮಳೆನಾಡುಗಳು ಹೇಗೆ ಗೆದ್ದವು ಎಂಬುದಕ್ಕೆ ಆ ಪದ್ಧತಿಯಲ್ಲಿ ಉತ್ತರ ಇರಬೇಕಿತ್ತು.

ಗಿಡದ ತವರನ್ನೇ ವಿಚಾರಿಸೋಣ. ಲಿನೇಯಸ್‌ನ ಶಿಷ್ಯ ಪೀಟರ್ ಫೋರ್ಸ್‌ಕಾಲ್ ಡೆನ್ಮಾರ್ಕ್ ದೊರೆಯ ಅರೇಬಿಯಾ ಯಾತ್ರೆಯ ಜೊತೆ ಯೆಮನ್‌ಗೆ ಹೋಗಿ ಅಲ್ಲಿ ಈ ಗಿಡವನ್ನು ಕಂಡ. 1763ರಲ್ಲಿ ಅಲ್ಲೇ ಮಲೇರಿಯಾದಿಂದ ತೀರಿಕೊಂಡ. ಅವನ ಟಿಪ್ಪಣಿಗಳು 1775ರಲ್ಲಿ ಅಚ್ಚಾದಾಗ ಈ ಗಿಡ ಕಣಗಿಲೆಯ ಒಂದು ಜಾತಿಯಾಗಿ ಅದರಲ್ಲಿ ಸೇರಿತ್ತು, ಡೊಳ್ಳುಹೊಟ್ಟೆಯ ಕಣಗಿಲೆ ಎಂಬ ಅರ್ಥದ ಹೆಸರಿನಲ್ಲಿ. 1819ರಲ್ಲಿ ರೋಮರ್ ಮತ್ತು ಶುಲ್ಟೆಸ್ ಅದನ್ನು ಬೇರೆ ಕುಲವಾಗಿಸಿ ಏಡನ್ ಬಂದರಿನ ಹೆಸರು ಕೊಟ್ಟರು. ಏಡನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮಲ್ಲಿ ಒಂದು ಸಂಜೆಯ ಗುಡುಗು ಮಳೆಯಷ್ಟು. ಗಿಡದ ಬಗ್ಗೆ ನಮ್ಮ ಕಲ್ಪನೆಯೆಲ್ಲ ಆ ಬಂದರಿನಲ್ಲೇ ಲಂಗರು ಹಾಕಿ ನಿಂತುಬಿಟ್ಟಿದೆ.

ಆದರೆ ಅಡೀನಿಯಮ್ ಬೆಳೆಯುವುದು ಏಡನ್ ಒಂದರಲ್ಲಲ್ಲ. ಪಶ್ಚಿಮದ ಸೆನೆಗಲ್‌ನಿಂದ ಸುಡಾನ್‌ವರೆಗೆ ಸಹಾರಾದ ಕೆಳಗಿನ ಸಾಹೇಲ್ ಪಟ್ಟಿ, ಕೀನ್ಯಾ, ಸೊಮಾಲಿಯಾ, ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡು, ಎಸ್ವಾಟಿನಿಯ ತಗ್ಗುನಾಡು, ಸೊಕೋತ್ರಾ ದ್ವೀಪ, ಎಲ್ಲೆಡೆಯೂ ಇದರ ಬಳಗ ಇದೆ. ಇವುಗಳಲ್ಲಿ ಹೆಚ್ಚಿನವು ಮರಳುಗಾಡುಗಳಲ್ಲ. ಕುರುಚಲು ಕಾಡು, ಬಂಡೆಗುಡ್ಡ, ಹುಲ್ಲುಗಾವಲು. ಅಲ್ಲಿ ಮಳೆಗಾಲ ಎಂಬುದು ಇದೆ. ಸೆಕೆಯ ತಿಂಗಳುಗಳಲ್ಲಿ ಮಳೆ ಸುರಿಯುತ್ತದೆ, ಗಿಡ ಎಲೆ ತುಂಬಿಕೊಂಡು ಬೆಳೆಯುತ್ತದೆ, ಆಮೇಲೆ ಉದ್ದನೆಯ ಒಣ ಕಾಲದಲ್ಲಿ ಎಲೆ ಉದುರಿಸಿ ಸುಮ್ಮನಾಗುತ್ತದೆ. ಬಳ್ಳಾರಿ, ರಾಯಚೂರು ಕಡೆಯ ಕುರುಚಲು ಕಾಡು ನೋಡಿದವರಿಗೆ ಈ ಲಯ ಹೊಸದೇನಲ್ಲ.

ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಒಮಾನ್‌ನ ದೊಫಾರ್. ಸಲಾಲಾದಲ್ಲಿ ದುಡಿಯುವ ಕನ್ನಡಿಗರು, ತುಳುವರು ಖರೀಫ್ ಎಂಬ ಕಾಲವನ್ನು ಚೆನ್ನಾಗಿ ಬಲ್ಲರು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಬೆಟ್ಟಗಳು ಮಂಜು, ಜಿನುಗು ಮಳೆಯಲ್ಲಿ ಮುಳುಗಿ, ಕೊಲ್ಲಿಯ ಉಳಿದ ಕಡೆ ಬೆಂಕಿ ಸುರಿಯುವಾಗ ಅಲ್ಲಿ ಮಾತ್ರ ಹಸಿರು ಉಕ್ಕುತ್ತದೆ. ಅದನ್ನು ತರುವುದು ನಮ್ಮ ಕರಾವಳಿಗೆ ಮಳೆ ತರುವ ಅದೇ ನೈಋತ್ಯ ಮಾರುತ. ಆ ಬೆಟ್ಟಗಳ ಬಂಡೆ ಇಳಿಜಾರುಗಳಲ್ಲಿ ಅಡೀನಿಯಮ್ ಕಾಡುಗಿಡವಾಗಿ ಬೆಳೆಯುತ್ತದೆ. ಮೂರು ತಿಂಗಳು ಒದ್ದೆಯಾಗಿ, ಬಿಸಿಲು ಕಾಣದೆ ನಿಂತರೂ ಅದು ಕೊಳೆಯುವುದಿಲ್ಲ. ಏಕೆಂದರೆ ಬೇರು ಇರುವುದು ಕಲ್ಲಿನ ಸಂದಿಯಲ್ಲಿ. ಬಿದ್ದ ನೀರು ಬೇರನ್ನು ತೊಳೆದುಕೊಂಡು ಕೆಳಗೆ ಹೋಗುತ್ತದೆ, ಅದರ ಹಿಂದೆಯೇ ಗಾಳಿ ಒಳಗೆ ಬರುತ್ತದೆ. ಈ ಗಿಡದ ಆರೈಕೆಯ ಗುಟ್ಟು ಇಲ್ಲಿದೆ. ನೀರಿನ ಅಳತೆಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಎಲೆಯನ್ನು ನೋಡಿದರೂ ಇದೇ ತಿಳಿಯುತ್ತದೆ. ಕಳ್ಳಿಗೆ ಎಲೆಯೇ ಇಲ್ಲ, ಲೋಳೆಸರಕ್ಕೆ ದಪ್ಪ ತೊಗಲಿನ ಎಲೆ. ಅಡೀನಿಯಮ್‌ನ ಎಲೆ ಅಗಲ, ತೆಳು. ಅದರ ನೆಂಟರಾದ ಕಣಗಿಲೆ, ದೇವಕಣಗಿಲೆಗಳ ಎಲೆಗೆ ಹತ್ತಿರ. ಇಂಥ ಎಲೆ ಬಿಸಿಲಿನಲ್ಲಿ ನೀರನ್ನು ಧಾರಾಳವಾಗಿ ಹೊರಗೆ ಬಿಡುತ್ತದೆ. ಬುಡದಲ್ಲಿ, ಬೆಳೆಸುವವರು ಕಾಡೆಕ್ಸ್ ಎನ್ನುವ ಆ ಉಬ್ಬಿನಲ್ಲಿ ತುಂಬಿಟ್ಟ ನೀರು ಎಲೆಗಳನ್ನು ಸಾಕುವುದಕ್ಕಲ್ಲ. ಎಲೆ ಉದುರಿದ ಮೇಲೆ ಕಾಂಡ ಬದುಕಿರಲು, ಒಣ ಕಾಲದ ಕೊನೆಗೆ ಹೂ ಅರಳಿಸಲು ಇಟ್ಟುಕೊಂಡ ಉಳಿತಾಯ ಅದು. ನಾವು ಏಪ್ರಿಲ್ ತಿಂಗಳಲ್ಲಿ, ಮೈತುಂಬ ಎಲೆ ಇರುವಾಗ ವಾರಕ್ಕೊಮ್ಮೆ ನೀರು ಕೊಟ್ಟು ಆ ಉಳಿತಾಯವನ್ನು ಖಾಲಿ ಮಾಡಿಸುತ್ತೇವೆ. ಗಿಡ ತನಗೆ ತಿಳಿದ ದಾರಿ ಹಿಡಿಯುತ್ತದೆ: ಕೆಳಗಿನ ಎಲೆ ಹಳದಿ ಮಾಡಿ ಉದುರಿಸುತ್ತದೆ, ಬೆಳವಣಿಗೆ ನಿಲ್ಲಿಸುತ್ತದೆ. ಹಳದಿ ಎಲೆ ಕಂಡ ಯಜಮಾನ ನೀರು ಹೆಚ್ಚಾಯಿತೆಂದು ಹೆದರಿ ಇನ್ನಷ್ಟು ಕಡಿಮೆ ಮಾಡುತ್ತಾನೆ.

ಹಾಗಾದರೆ ಈ ಸಲಹೆ ಎಲ್ಲಿಂದ ಬಂತು? ತಂಪು ದೇಶಗಳ ಕಿಟಕಿಗಳಿಂದ. ಯುರೋಪಿನಲ್ಲಿ ಅಡೀನಿಯಮ್ ಸಾಕುವವನಿಗೆ ವರ್ಷದ ಆರೇಳು ತಿಂಗಳು ಬೆಳಕಿಲ್ಲ, ಸೆಕೆ ಇಲ್ಲ. ಗಾಜಿನ ಹಿಂದೆ ನಿಂತ ಗಿಡಕ್ಕೆ ನೀರು ಕುಡಿಯುವ ಶಕ್ತಿಯೇ ಇರುವುದಿಲ್ಲ. ಅವನಿಗೆ ನೀರು ಕಡಿಮೆ ಹಾಕು ಎಂದದ್ದು ಸರಿಯಾದ ಸಲಹೆಯೇ. ಮೂವತ್ತಾರು ಡಿಗ್ರಿ ಬಿಸಿಲಿನಲ್ಲಿ, ಕಾದ ಸಿಮೆಂಟ್ ತಾರಸಿಯ ಮೇಲೆ, ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ನಿಂತ ದಾವಣಗೆರೆಯ ಗಿಡಕ್ಕೆ ಅದನ್ನೇ ಹೇಳುವುದು ಯಾವ ನ್ಯಾಯ? ನಾವು ಗಿಡದ ಜೊತೆ ಆಮದು ಮಾಡಿಕೊಂಡ ಮಾತು ಇದು. ಬೆಂಗಳೂರಿನ ಒಳಕೋಣೆಯಲ್ಲಿ, ಬಾಲ್ಕನಿಯ ನೆರಳಿನಲ್ಲಿ ಗಿಡ ಇಟ್ಟವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಅಂಥವರು ನೀರು ಕಡಿಮೆ ಮಾಡುವ ಬದಲು ಗಿಡವನ್ನು ಬಿಸಿಲಿರುವ ಇನ್ನೊಬ್ಬರಿಗೆ ಕೊಡುವುದು ವಾಸಿ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ನೀರು ಹೆಚ್ಚಾಗಿ ಬುಡ ಕೊಳೆತು ಸತ್ತ ಅಡೀನಿಯಮ್‌ಗಳನ್ನು ಕಣ್ಣಾರೆ ಕಂಡಿದ್ದೇವಲ್ಲ, ಅದು ಸುಳ್ಳೇ? ಸುಳ್ಳಲ್ಲ. ಗಟ್ಟಿಯಾಗಿದ್ದ ಕಾಡೆಕ್ಸ್ ಒಂದು ವಾರದಲ್ಲಿ ಕೊಳೆತ ಕುಂಬಳಕಾಯಿಯಾಗುವುದನ್ನು ಕಂಡವರ ಭಯ ನಿಜವಾದದ್ದೇ. ಆದರೆ ಆ ಸಾವು ಯಾವ ತಿಂಗಳಲ್ಲಿ ಆಯಿತು ಎಂದು ಕೇಳಿ. ಬಹುತೇಕ ಉತ್ತರ ಜುಲೈಯಿಂದ ಜನವರಿಯ ಒಳಗೆ ಬರುತ್ತದೆ. ಯಾವ ಮಣ್ಣಿನಲ್ಲಿ ಎಂದು ಕೇಳಿ. ಕೆಮ್ಮಣ್ಣು, ಇಲ್ಲವೇ ನರ್ಸರಿಯಿಂದ ಬಂದಾಗ ಇದ್ದ ಬರೀ ಕೊಕೊಪೀಟ್. ಬೇರು ಉಸಿರಾಡುತ್ತದೆ, ಅದಕ್ಕೆ ಆಮ್ಲಜನಕ ಬೇಕು. ನೀರಿನ ಮೂಲಕ ಆಮ್ಲಜನಕ ಹರಡುವ ವೇಗ ಗಾಳಿಯ ಮೂಲಕ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿ, ಮೇಲೆ ಮೋಡ ಮುಚ್ಚಿ, ಗಿಡ ಕುಡಿಯದೆ ನಿಂತಾಗ ಆ ನೀರು ದಿನಗಟ್ಟಲೆ ಅಲ್ಲೇ ಇರುತ್ತದೆ. ಬೇರಿನ ತುದಿ ಉಸಿರುಕಟ್ಟಿ ಸಾಯುತ್ತದೆ, ಸತ್ತ ಬೇರಿನ ಮೂಲಕ ಪೈಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಬುಡಕ್ಕೆ ಏರುತ್ತವೆ. ಅದೇ ನೀರನ್ನು ಏಪ್ರಿಲ್‌ನಲ್ಲಿ, ಒರಟು ಹರಳಿನ ಮಿಶ್ರಣಕ್ಕೆ ಸುರಿದಿದ್ದರೆ ಮರುದಿನಕ್ಕೆ ಕುಂಡ ಮತ್ತೆ ಒಣಗಿರುತ್ತಿತ್ತು. ಅಡೀನಿಯಮ್ ಅನ್ನು ಕೊಂದದ್ದು ನೀರು ಎಂದು ತೀರ್ಪು ಕೊಟ್ಟವರು ಸ್ಥಳದಲ್ಲಿದ್ದ ಇನ್ನಿಬ್ಬರನ್ನು, ಅಂದರೆ ಮಣ್ಣು ಮತ್ತು ಚಳಿಯನ್ನು, ವಿಚಾರಣೆಗೇ ಕರೆದಿಲ್ಲ.

ಈ ಭಯದಿಂದ ಹುಟ್ಟಿದ ಇನ್ನೊಂದು ನಂಬಿಕೆ ಕುಂಡದ ತಳಕ್ಕೆ ಕಲ್ಲು ಹಾಕುವುದು. ನೀರು ಬಸಿಯಲಿ ಎಂದು ಎರಡು ಇಂಚು ಜಲ್ಲಿ ಅಥವಾ ಒಡೆದ ಹೆಂಚಿನ ಚೂರು ಹರಡಿ ಅದರ ಮೇಲೆ ಮಣ್ಣು ತುಂಬುತ್ತಾರೆ. ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಅಜ್ಜಿಗೆ ಅಡೀನಿಯಮ್ ಇರಲಿಲ್ಲವಾದ್ದರಿಂದ ಅವಳನ್ನು ಕ್ಷಮಿಸಬಹುದು. ಇದು ತಪ್ಪೆಂದು ತೋರಿಸಲು ಪಾತ್ರೆ ತೊಳೆಯುವ ಸ್ಪಂಜು ಸಾಕು. ಸ್ಪಂಜನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಅಡ್ಡಡ್ಡ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಹಿಂಡದೆಯೇ ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಕುಂಡದ ಮಣ್ಣಿನಲ್ಲೂ ಹೀಗೆಯೇ ಎಲ್ಲ ಬಸಿದ ಮೇಲೂ ತಳದಲ್ಲಿ ಒಂದು ಪದರ ನೀರು ತುಂಬಿಕೊಂಡೇ ಉಳಿಯುತ್ತದೆ. ಆ ಪದರದ ಎತ್ತರ ಮಣ್ಣಿನ ಕಣದ ಗಾತ್ರವನ್ನು ಅವಲಂಬಿಸಿದೆ, ಕುಂಡದ ಎತ್ತರವನ್ನಲ್ಲ. ನುಣ್ಣನೆಯ ಮಣ್ಣಿನ ಕೆಳಗೆ ದೊಡ್ಡ ಜಲ್ಲಿ ಹಾಕಿದರೆ ನೀರು ಜಲ್ಲಿಗೆ ಸರಾಗ ಇಳಿಯುವುದಿಲ್ಲ. ಆ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿನ ಇನ್ನಷ್ಟು ಹತ್ತಿರಕ್ಕೆ, ಏರಿ ಕೂರುತ್ತದೆ. ಕುಂಡದ ಮಣ್ಣು ಎರಡು ಇಂಚು ಕಡಿಮೆಯಾದದ್ದಷ್ಟೇ ಲಾಭ.

ಇದರ ಇನ್ನೊಂದು ಮಗ್ಗುಲು ಬೋನ್ಸಾಯ್ ಪ್ರಿಯರಿಗೆ ರುಚಿಸಲಾರದು. ಅಗಲವಾದ ತೆಳು ತಟ್ಟೆಯಲ್ಲಿ ಇಟ್ಟರೆ ಬೇಗ ಒಣಗುತ್ತದೆ, ಹಾಗಾಗಿ ಕ್ಷೇಮ ಎಂಬ ಲೆಕ್ಕ ಅವರದು. ಮೂರು ಇಂಚು ಆಳದ ತಟ್ಟೆಯಲ್ಲಿ ನುಣುಪು ಮಣ್ಣು ತುಂಬಿದರೆ, ಮಳೆಗಾಲದಲ್ಲಿ ಆ ಒದ್ದೆ ಪದರವೇ ತಟ್ಟೆಯ ಬಹುಪಾಲು ಆಗಿಬಿಡುತ್ತದೆ. ತಟ್ಟೆ ತೆಳುವಾದಷ್ಟೂ ಮಿಶ್ರಣ ಒರಟಾಗಬೇಕು. ತಟ್ಟೆ ಕೊಳ್ಳಲು ಸಾವಿರಗಟ್ಟಲೆ ಕೊಡುವವರು ಅದರೊಳಗೆ ತುಂಬುವುದು ಏನು ಎಂಬುದರ ಬಗ್ಗೆ ಜಿಪುಣರಾಗುವುದು ವಿಚಿತ್ರ.

ಮರಳಿನ ಕಥೆಯೂ ಹೀಗೇ. ಮರುಭೂಮಿ ಎಂದ ಕೂಡಲೇ ಮರಳು ನೆನಪಾಗುತ್ತದೆ, ಕೆಮ್ಮಣ್ಣಿಗೆ ಅರ್ಧ ಮರಳು ಬೆರೆಸಿಬಿಡುತ್ತಾರೆ. ನಮ್ಮ ಕೆಮ್ಮಣ್ಣಿನಲ್ಲಿ ಜೇಡಿ ಹೆಚ್ಚು. ಸಣ್ಣ ಮರಳಿನ ಕಾಳುಗಳ ನಡುವಿನ ಸಂದಿಯನ್ನೆಲ್ಲ ಜೇಡಿ ತುಂಬಿಕೊಂಡರೆ ಸಿಗುವುದು ಇಟ್ಟಿಗೆಗೆ ಲಾಯಕ್ಕಾದ ಪದಾರ್ಥ. ಬೇಕಾದದ್ದು ಧೂಳು ಜರಡಿ ಹಿಡಿದು ತೆಗೆದ, ಜೋಳದ ಕಾಳಿನಿಂದ ಕಡಲೆಕಾಳಿನ ಗಾತ್ರದ ಹರಳು. ಇಟ್ಟಿಗೆ ಚೂರು ಆಗಬಹುದು, ಬಾಯ್ಲರ್ ಕಿಟ್ಟ ಆಗಬಹುದು, ಪ್ಯೂಮಿಸ್ ಸಿಕ್ಕರೆ ಭಾಗ್ಯ. ಮನೆ ಕಟ್ಟುವ ಕಡೆ ಸಿಗುವ ಎಂ-ಸ್ಯಾಂಡ್ ಜರಡಿಯ ಮೇಲೆ ಉಳಿದ ದಪ್ಪ ಕಾಳೂ ಆದೀತು. ಇದು ಮುಕ್ಕಾಲು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರವೋ ಎರೆಗೊಬ್ಬರವೋ ಕಾಲು ಪಾಲು. ಇಂಥ ಮಿಶ್ರಣಕ್ಕೆ ನೀರು ಹೊಯ್ದರೆ ತೂತಿನಿಂದ ತಕ್ಷಣ ಹರಿದು ಬರಬೇಕು. ಬರದಿದ್ದರೆ ನೀರನ್ನು ಕಡಿಮೆ ಮಾಡಿ ಪ್ರಯೋಜನವಿಲ್ಲ, ಮಣ್ಣನ್ನೇ ಬದಲಿಸಬೇಕು.

ನರ್ಸರಿಯ ಕೊಕೊಪೀಟ್ ಬಗ್ಗೆ ಎರಡು ಮಾತು. ಅದು ವ್ಯಾಪಾರಿಯ ಅನುಕೂಲದ ವಸ್ತು: ಹಗುರ, ಅಗ್ಗ, ಲಾರಿಯಲ್ಲಿ ಬರುವಾಗ ಗಿಡ ಬಾಡುವುದಿಲ್ಲ. ಮನೆಗೆ ಬಂದ ಮೇಲೆ ಅದೇ ಕಂಟಕ. ಮೇಲ್ಭಾಗ ಒಣಗಿ ಬೆಳ್ಳಗಾಗಿದ್ದರೂ ಬೇರಿನ ಸುತ್ತ ಒದ್ದೆ ಉಂಡೆ ಹಾಗೇ ಇರುತ್ತದೆ. ಮೊದಲ ಮಳೆಗಾಲಕ್ಕೆ ಮುಂಚೆಯೇ ಅದನ್ನು ಪೂರ್ತಿ ಉದುರಿಸಿ, ಬೇರು ತೊಳೆದು, ಗಾಯ ಒಣಗಲು ನಾಲ್ಕಾರು ದಿನ ನೆರಳಿನಲ್ಲಿ ಬಿಟ್ಟು ಬೇರೆ ಮಿಶ್ರಣದಲ್ಲಿ ನೆಡಬೇಕು. ನೆಟ್ಟ ಮೇಲೆ ಕೆಲವು ದಿನ ನೀರು ಬೇಡ ಎನ್ನುವ ಹಳೆಯ ಸಲಹೆ ಇದೊಂದು ಸಂದರ್ಭದಲ್ಲಿ ಸರಿ. ಕತ್ತರಿಸಿದ ಬೇರು ಕೂಡಿಕೊಳ್ಳಲಿ.

ಕಡಿಮೆ ನೀರು ಎಂಬುದನ್ನು ಜನ ಇನ್ನೊಂದು ರೀತಿಯಲ್ಲೂ ಪಾಲಿಸುತ್ತಾರೆ. ದಿನಾ ಒಂದು ಲೋಟ, ಅಥವಾ ಮೂರು ದಿನಕ್ಕೊಮ್ಮೆ ಅರ್ಧ ಚೊಂಬು. ಇದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಮೇಲಿನ ಎರಡು ಇಂಚು ಸದಾ ಹಸಿಯಾಗಿ ಕಾಡೆಕ್ಸ್‌ನ ಕುತ್ತಿಗೆಯನ್ನು ತೇವದಲ್ಲಿಡುತ್ತದೆ, ತಳದ ಬೇರು ಒಣಗಿ ಸಾಯುತ್ತದೆ. ಜೊತೆಗೆ ಉಪ್ಪು. ಬೆಂಗಳೂರು, ಕೋಲಾರ, ತುಮಕೂರಿನ ಬೋರ್‌ವೆಲ್ ನೀರಿನ ಗಡಸುತನ ಗೀಸರ್ ರಿಪೇರಿ ಮಾಡಿಸಿದವರಿಗೆಲ್ಲ ಗೊತ್ತು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕುಂಡದ ಅಂಚಿನ ಬಿಳಿ ಪೊರೆ ಅದೇ. ತಳದಿಂದ ನೀರು ಹರಿದುಹೋಗುವಷ್ಟು ಧಾರಾಳವಾಗಿ ಹಾಕಿದಾಗ ಮಾತ್ರ ಈ ಉಪ್ಪು ತೊಳೆದುಹೋಗುತ್ತದೆ. ಹಾಕಿದರೆ ಪೂರ್ತಿ ಹಾಕಬೇಕು, ಇಲ್ಲವಾದರೆ ಹಾಕಬಾರದು.

ಇಡೀ ಕರ್ನಾಟಕಕ್ಕೆ ಒಂದೇ ವೇಳಾಪಟ್ಟಿ ಕೊಡುವವರನ್ನು ನಂಬಬೇಡಿ. ರಾಯಚೂರು, ಕಲಬುರಗಿಗಳಲ್ಲಿ ಈ ಗಿಡಕ್ಕೆ ಹೆಚ್ಚುಕಡಿಮೆ ತವರಿನ ಹವೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿದಾಗ ಒರಟು ಮಿಶ್ರಣದ ಕುಂಡಕ್ಕೆ ದಿನಾ ನೀರು ಕೊಟ್ಟರೂ ಹೆಚ್ಚಲ್ಲ. ಅಲ್ಲಿನ ಮಳೆಯನ್ನೂ ಬಯಲಲ್ಲೇ ತಡೆದುಕೊಳ್ಳುತ್ತದೆ. ಬೆಂಗಳೂರು ಕಷ್ಟದ ಊರು. ಫೆಬ್ರವರಿ ಕೊನೆಯಿಂದ ಮೇವರೆಗೆ ಇಲ್ಲಿ ಗಿಡದ ಹಬ್ಬ. ಆಮೇಲೆ ಮೋಡ ಕವಿದ, ಇಪ್ಪತ್ತು ಚಿಲ್ಲರೆ ಡಿಗ್ರಿಯ ತಿಂಗಳುಗಳು. ವರ್ಷದ ಅತಿ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ, ಅದರ ಬೆನ್ನಿಗೇ ಅಕ್ಟೋಬರ್, ನವೆಂಬರ್‌ನ ಹಿಂಗಾರು, ಅದರ ಬೆನ್ನಿಗೆ ಚಳಿ. ಒದ್ದೆ ಮತ್ತು ತಂಪು ಒಟ್ಟಿಗೆ ಬರುವ ಈ ದೀರ್ಘ ಕಾಲವೇ ಇಲ್ಲಿ ಗಿಡಗಳನ್ನು ಕೊಲ್ಲುವುದು. ಆಗ ಬೇಕಾದದ್ದು ಮಳೆಗೆ ಮರೆ: ಮೇಲೊಂದು ಪಾರದರ್ಶಕ ಶೀಟು, ಗಾಳಿ ಆಡುವ ಜಾಗ, ಆದಷ್ಟು ಬೆಳಕು. ಡಿಸೆಂಬರ್, ಜನವರಿಯಲ್ಲಿ ಎಲೆ ಉದುರಿದ ಗಿಡಕ್ಕೆ ನೀರು ಹೆಚ್ಚುಕಡಿಮೆ ನಿಲ್ಲಿಸಬಹುದು. ಮಂಗಳೂರಿನಲ್ಲಿ ಚಳಿಯ ಹೆದರಿಕೆ ಇಲ್ಲ, ಆದರೆ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆಯ ಎದುರು ಸೂರಿಲ್ಲದ ಅಡೀನಿಯಮ್ ಜೂಜೇ ಸರಿ. ಅಲ್ಲಿ ಅಕ್ಟೋಬರ್ ಕಳೆದ ಮೇಲೆ ಗಿಡದ ವರ್ಷ ಶುರುವಾಗುತ್ತದೆ ಎಂದುಕೊಳ್ಳುವುದು ಒಳ್ಳೆಯದು. ಈ ಮೂರು ಸೀಮೆಗೂ ವಾರಕ್ಕೊಮ್ಮೆ ಎಂಬ ಒಂದೇ ಮಂತ್ರ ಹೇಗೆ ಸರಿಹೋದೀತು? ಎಲೆ ಇದೆಯೇ, ಸೆಕೆ ಇದೆಯೇ, ಕುಂಡ ಹಗುರವಾಗಿದೆಯೇ, ಈ ಮೂರಕ್ಕೂ ಹೌದು ಎಂದಾದರೆ ನೀರು. ಕುಂಡವನ್ನು ಒಂದು ಕೈಯಿಂದ ಎತ್ತಿ ನೋಡುವುದಕ್ಕಿಂತ ಒಳ್ಳೆಯ ಮಾಪಕವನ್ನು ಯಾವ ಅಂಗಡಿಯೂ ಮಾರುತ್ತಿಲ್ಲ.

ಇದೇ ಲೆಕ್ಕದಲ್ಲಿ ಒಂದು ತಮಾಷೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯ ದಿನಕ್ಕೆ. ನಗರದ ಜನ ಗಿಡ ಕೊಳ್ಳುವ ಉತ್ಸಾಹ ಉಕ್ಕುವುದು ಈ ಎರಡು ಸಮಯದಲ್ಲೇ. ಅಡೀನಿಯಮ್ ಮಟ್ಟಿಗೆ ಒಂದು ಚಳಿಯ ನಡುವೆ, ಇನ್ನೊಂದು ಮಳೆಯ ನಡುವೆ. ಬೇರು ಮುಟ್ಟಬಾರದ ಎರಡು ಕಾಲ. ರಾಷ್ಟ್ರೀಯ ಹಬ್ಬಗಳನ್ನು ಬದಲಿಸಲಾಗದು. ಕೊಂಡ ಗಿಡವನ್ನು ಒಣ ಜಾಗದಲ್ಲಿಟ್ಟು ಮಾರ್ಚ್‌ವರೆಗೆ ಕಾಯಬಹುದು.

ಬುಡ ಮೆತ್ತಗಾಯಿತೆಂದು ಗಾಬರಿಯಾಗುವವರಿಗೆ ಒಂದು ಪರೀಕ್ಷೆ ಇದೆ. ಸಲಹೆ ಕೊಡುವವರು ಇದನ್ನು ಮಾಡಿಸದೆ ನೇರವಾಗಿ ನೀರು ನಿಲ್ಲಿಸಿ ಎನ್ನುತ್ತಾರೆ. ಕಾಡೆಕ್ಸ್ ಸುತ್ತಲೂ ಒಂದೇ ಸಮನೆ ಸ್ವಲ್ಪ ಸಡಿಲವಾಗಿದ್ದು, ಸಿಪ್ಪೆ ಸುಕ್ಕಾಗಿದ್ದು, ಕುಂಡ ಒಣಗಿದ್ದರೆ ಅದು ಬಾಯಾರಿಕೆ. ಚೆನ್ನಾಗಿ ನೀರು ಕೊಟ್ಟರೆ ಕೆಲವೇ ದಿನಗಳಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಒಂದೇ ಕಡೆ ಬೆರಳು ಒಳಗೆ ಇಳಿಯುವಷ್ಟು ಮೆತ್ತಗಿದ್ದು, ಬಣ್ಣ ಕಂದಿ, ವಾಸನೆ ಬರುತ್ತಿದ್ದರೆ ಅದು ಕೊಳೆ. ಆಗ ನೀರು ನಿಲ್ಲಿಸಿದರೂ ಸಾಲದು. ಗಿಡ ಕಿತ್ತು, ಕಂದು ಭಾಗವೆಲ್ಲ ಹೋಗಿ ಸ್ವಚ್ಛ ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ಪ್ರತಿ ಸಲ ಚಾಕು ಒರೆಸಿ, ಗಂಧಕದ ಪುಡಿಯೋ ಶಿಲೀಂಧ್ರನಾಶಕವೋ ಸವರಿ, ವಾರವಾದರೂ ಒಣಗಲು ಬಿಡಬೇಕು. ಮೊದಲನೆಯದನ್ನು ಎರಡನೆಯದೆಂದು ತಿಳಿದು ನೀರು ನಿಲ್ಲಿಸಿ ಒಣಗಿಸಿದ ಗಿಡಗಳೂ ಕೊಳೆತ ಲೆಕ್ಕಕ್ಕೇ ಸೇರಿಬಿಟ್ಟಿವೆ.

ಗೊಬ್ಬರದ ವಿಷಯ ಚಿಕ್ಕದು. ರಸಭರಿತ ಗಿಡಕ್ಕೆ ಗೊಬ್ಬರ ಬೇಡ ಎನ್ನುವುದು ನೀರಿನ ಮಾತಿನದೇ ತಮ್ಮ. ಹರಳಿನ ಮಿಶ್ರಣದಲ್ಲಿ ಸತ್ವವೇ ಇರುವುದಿಲ್ಲವಾದ್ದರಿಂದ, ಬೆಳೆಯುವ ಕಾಲದಲ್ಲಿ 19:19:19ರಂಥ ಕರಗುವ ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂನಷ್ಟು ತೆಳುವಾಗಿ, ಪದೇ ಪದೇ ಕೊಟ್ಟರೆ ಗಿಡದ ನಡೆಯೇ ಬೇರೆ. ಬರೀ ಸಾರಜನಕ ಸುರಿದರೆ ಕೊಂಬೆ ಸೊಟ್ಟಗೆ ಉದ್ದವಾಗುತ್ತದೆ. ಬಾಳೆಸಿಪ್ಪೆ ನೆನೆಸಿದ ನೀರು, ಈರುಳ್ಳಿ ಸಿಪ್ಪೆಯ ಕಷಾಯಗಳಿಂದ ನೊಣಗಳಿಗೆ ಉಪಕಾರವಾಗುವುದನ್ನು ನೋಡಿದ್ದೇನೆ.

ಇನ್ನು ಆ ಉಬ್ಬಿದ ಬುಡದ ವ್ಯಾಮೋಹ. ಪ್ರತಿ ವರ್ಷ ಗಿಡ ಕಿತ್ತು, ಒಂದಿಂಚು ಮೇಲೆತ್ತಿ ನೆಟ್ಟು ಬೇರು ತೋರಿಸಬೇಕು ಎಂಬುದು ಈಗ ಶಾಸ್ತ್ರವಾಗಿದೆ. ಬೇರು ದಪ್ಪಗಾಗುವುದು ಮಣ್ಣಿನೊಳಗೆ ಇದ್ದಾಗ. ಹೊರಗೆ ಬಂದ ಬೇರು ಚೆನ್ನಾಗಿ ಕಾಣುತ್ತದೆ, ಆದರೆ ಮುಂಚಿನ ವೇಗದಲ್ಲಿ ದಪ್ಪವಾಗುವುದಿಲ್ಲ. ಎಳೆಯ ಗಿಡವನ್ನು ವರ್ಷವರ್ಷ ಎತ್ತುವವರು ಅದಿನ್ನೂ ದೊಡ್ಡದಾಗುವ ಮೊದಲೇ ಪ್ರದರ್ಶನಕ್ಕೆ ನಿಲ್ಲಿಸುತ್ತಿದ್ದಾರೆ. ಬುಡ ದಪ್ಪವಾಗಬೇಕೆನ್ನುವವರು ಮೊದಲ ಕೆಲವು ವರ್ಷ ದೊಡ್ಡ ಕುಂಡ ಕೊಡಲಿ, ಒಣ ಜಿಲ್ಲೆಯವರಾದರೆ ನೆಲದ ಏರುಮಡಿಯಲ್ಲೇ ಬೆಳೆಸಲಿ. ಎತ್ತುವ ಕೆಲಸ ಆಮೇಲೆ. ಪ್ರತಿ ವರ್ಷ ಮಾಡಬೇಕಾದದ್ದು ಬೇರೆಯೇ ಇದೆ, ಕೊಂಬೆ ಕತ್ತರಿಸುವುದು. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಫೆಬ್ರವರಿ ಕೊನೆಯಲ್ಲಿ ಮೂರನೇ ಎರಡು ಭಾಗ ಕತ್ತರಿಸಿದರೆ ಒಂದು ಕೊಂಬೆ ಮೂರಾಗುತ್ತದೆ. ನಮ್ಮವರಿಗೆ ಕತ್ತರಿ ಹಾಕಲು ಕೈಯೇ ಬರುವುದಿಲ್ಲ.

ಕಸಿ ಗಿಡಗಳ ಬಗ್ಗೆ ನನ್ನ ಅಭಿಪ್ರಾಯ ಜನಪ್ರಿಯವಾಗಲಾರದು. ಮೂರು ಸುತ್ತಿನ ದಳ, ಕಪ್ಪಿಗೆ ತಿರುಗಿದ ಕೆಂಪು, ಹಳದಿ ಗೆರೆ, ಇವೆಲ್ಲ ಚಂದವೇ. ಆದರೆ ಬೀಜದ ಗಿಡದ ತಲೆ ಕಡಿದು ಅದರ ಮೇಲೆ ಕೂರಿಸಿದ ಈ ಕೊಂಬೆಗಳಿಂದ ಮರದ ಆಕಾರ ಹುಟ್ಟುವುದು ಅಪರೂಪ. ಕಸಿಯ ಗಂಟು ಜೀವನವಿಡೀ ಕಾಣುತ್ತದೆ. ದಳ ಹೆಚ್ಚಿದ ಹೂ ಮಳೆನೀರು ಹಿಡಿದು ಮೊಗ್ಗಿನಲ್ಲೇ ಕೊಳೆಯುತ್ತದೆ. ಹೂವಿನ ಸಂತೆ ಬೇಕೆನ್ನುವವರು ಕಸಿ ಕೊಳ್ಳಲಿ. ಮರ ಬೇಕೆನ್ನುವವರು ಬೀಜದ ಗಿಡ ತರಬೇಕು. ಅದು ಅಗ್ಗವೂ ಹೌದು, ಬಹುಶಃ ಅದಕ್ಕೇ ಯಾರೂ ಶಿಫಾರಸು ಮಾಡುವುದಿಲ್ಲ.

ಎರಡು ಎಚ್ಚರಿಕೆ ಮಾತ್ರ ಯಾವ ವಾದಕ್ಕೂ ಬಿಡದೆ ಒಪ್ಪಬೇಕಾದವು. ಕಣಗಿಲೆಯ ಹಾಗೆ ಇದರ ಸೊನೆಯಲ್ಲೂ ಹೃದಯಕ್ಕೆ ವಿಷವಾಗುವ ಗ್ಲೈಕೋಸೈಡ್‌ಗಳಿವೆ. ಆಫ್ರಿಕಾದಲ್ಲಿ ಬೇಟೆಯ ಬಾಣಕ್ಕೆ ಹಚ್ಚುತ್ತಿದ್ದ ವಿಷ ಇದು. ಕತ್ತರಿಸುವಾಗ ಕೈಗವಸು ಹಾಕಿ, ಕಣ್ಣು ಮುಟ್ಟಬೇಡಿ, ಮಗುವಿನ, ನಾಯಿಯ ಬಾಯಿಗೆ ಸಿಗದಂತೆ ಇಡಿ. ಇನ್ನೊಂದು, ರಾತ್ರೋರಾತ್ರಿ ಎಲೆಗಳೆಲ್ಲ ಮಾಯವಾದರೆ ನೀರಿನ ಲೆಕ್ಕ ಹಾಕುತ್ತ ಕೂರಬೇಡಿ. ಎದೆಯ ಮೇಲೆ ಎರಡು ನೀಲಿ ಕಣ್ಣಿನಂಥ ಚುಕ್ಕೆ ಇರುವ ದಪ್ಪ ಹಸಿರು ಹುಳುವನ್ನು ಹುಡುಕಿ. ಕಣಗಿಲೆ ಪತಂಗದ ಮರಿ ಅದು. ಅಡೀನಿಯಮ್‌ನ ವಿಷ ಅದಕ್ಕೆ ತಾಗುವುದಿಲ್ಲ.

ಈ ಮಾರ್ಚ್ ಬಂದಾಗ ನಿಮ್ಮ ಗಿಡವನ್ನು ಕುಂಡದಿಂದ ಬಿಡಿಸಿ ನೋಡಿ. ಒಳಗೆ ಕೊಕೊಪೀಟ್ ಉಂಡೆಯೋ ಕೆಮ್ಮಣ್ಣಿನ ಮುದ್ದೆಯೋ ಇದ್ದರೆ ಬದಲಿಸಿ, ಕೊಂಬೆ ಕತ್ತರಿಸಿ, ಪೂರ್ಣ ಬಿಸಿಲಿಗೆ ಇಡಿ. ಹೊಸ ಎಲೆ ಬಂದ ದಿನದಿಂದ ಮೇ ಮುಗಿಯುವವರೆಗೆ, ಕುಂಡ ಹಗುರವಾದಾಗಲೆಲ್ಲ ತಳದಿಂದ ಹರಿಯುವಷ್ಟು ನೀರು ಹಾಕಿ. ಯಾರಾದರೂ ಇದು ಮರುಭೂಮಿ ಗಿಡ ಎಂದು ತಡೆಯಲು ಬಂದರೆ, ಅವರ ಗಿಡದ ಬುಡದ ಸುತ್ತಳತೆ ಎಷ್ಟೆಂದು ಕೇಳಿ.